ಸಂಕಲ್ಪವೂ ಸಾಮರ್ಥ್ಯವೂ

ಸಂಕಲ್ಪವು ಸಾಮರ್ಥ್ಯವನ್ನು ಮೀರಿದರೆ ನಿರಾಶೆ. ಸಾಮರ್ಥ್ಯಕ್ಕಿಂತ ತೀರ ಕಿರಿದಾದರೆ ಆಲಸ್ಯ. ಇವೆರಡರ ನಡುವಣ ಹದವನ್ನು ಅರಿತವನೇ ಸಾಧಕನು. ಇದಕ್ಕೆ ಕನ್ನಡ ನಿಘಂಟಿನ ಇತಿಹಾಸದಲ್ಲಿಯೇ ಉಜ್ವಲವಾದ ನಿದರ್ಶನವಿದೆ.

ರೆವರೆಂಡ್ ಫರ್ಡಿನಂಡ್ ಕಿಟ್ಟೆಲರು ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1853ರಲ್ಲಿ ಕನ್ನಡ ನಾಡಿಗೆ ಬಂದಾಗ ಅವರಿಗೆ ಇಪ್ಪತ್ತೊಂದರ ಹರೆಯ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದುದು 1894ರಲ್ಲಿ. ಈ ನಡುವೆ ಅವರು ಮೆಟ್ಟಿಲು ಮೆಟ್ಟಿಲಾಗಿ ಏರಿದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಪ್ರಕಟಿಸಿದರು. ವ್ಯಾಕರಣ, ಛಂದಸ್ಸುಗಳಲ್ಲಿ ಪಟ್ಟ ಈ ಪರಿಶ್ರಮವು ನಿಘಂಟಿನ ಕಾರ್ಯಕ್ಕೆ ಬಲವನ್ನಿತ್ತಿತು.

ನಿಘಂಟಿನಲ್ಲಿರುವ ಪದಗಳು ಸುಮಾರು 70,000. ಒಟ್ಟಾಗಿ ನೋಡಿದರೆ ಎದೆ ನಡುಗುವ ಸಂಖ್ಯೆಯಿದು. ಆದರೆ ದಿನಕ್ಕೆ ಹತ್ತು ಪದಗಳಂತೆ ವರ್ಷಕ್ಕೆ 3,650. ಇಪ್ಪತ್ತು ವರ್ಷಗಳಿಗೆ 73,000. ಕಿಟ್ಟೆಲರು ಹೀಗೆಯೇ ಲೆಕ್ಕವಿಟ್ಟು ದುಡಿದರೆಂದಲ್ಲ. ಹಿರಿದಾದ ಕಾರ್ಯವೂ ದಿನದ ಪಾಲಿಗೆ ಹಂಚಿದಾಗ ಮನುಷ್ಯನ ಅಳವಿಗೆ ಬರುತ್ತದೆಂಬುದು ತಾತ್ಪರ್ಯ.

ಹಳಗನ್ನಡ ಕಾವ್ಯವೊಂದನ್ನು ಆಮೂಲಾಗ್ರವಾಗಿ ಓದಬೇಕೆಂದು ಬಯಸುವ ಅಧ್ಯಾಪಕನು, ಬಿಡುವಾದಾಗ ಓದೋಣವೆಂದುಕೊಂಡರೆ ನಿವೃತ್ತಿಯ ದಿನವೂ ಮೊದಲ ಪುಟದಲ್ಲಿಯೇ ಇರುತ್ತಾನೆ. ಅದು ಹಾರೈಕೆ, ಗುರಿಯಲ್ಲ. ರಾತ್ರಿಯ ಊಟಕ್ಕೆ ಮೊದಲು ಎರಡು ಪದ್ಯವೆಂಬುದು ಗುರಿ. ಒಂದು ದಿನ ತಪ್ಪಿದರೆ ಮರುದಿನ ನಾಲ್ಕನ್ನು ಓದುವ ಹಟವೂ ಬೇಡ. ಎಂದಿನ ಎರಡೇ ಸಾಕು. ತಪ್ಪಿದುದಕ್ಕೆ ಮರುಗಿ ನಿಯಮವನ್ನೇ ಕೈಬಿಡುವುದು ಮಾತ್ರ ಸೋಲು.

ನಿಘಂಟು ಮುಗಿದ ಮೇಲೆಯೂ ಕಿಟ್ಟೆಲರು ಲೇಖನಿಯನ್ನು ಕೆಳಗಿಡಲಿಲ್ಲ. ಅವರ ಕನ್ನಡ ವ್ಯಾಕರಣವು 1903ರಲ್ಲಿ ಹೊರಬಂದಿತು. ಅವರು ಕಾಲವಾದುದೂ ಅದೇ ವರ್ಷ.