ಹದಿನೇಳರ ಪಾನಾ

ಸಾರವಾಡದ ರಸ್ತೆಬದಿಯಲ್ಲಿ ಗ್ಯಾರೇಜು ಹಾಕಿ ಎರಡನೆಯ ವರ್ಷ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ದ್ರಾಕ್ಷಿ ಚಿಗುರಿತ್ತು. ಮೇಲೆ ಎರಡು ದಿನ ಜಿಟಿಜಿಟಿ ಮಳೆ. ಅಂಥ ಹೊತ್ತಿನಲ್ಲಿ ಡೌನಿ ರೋಗ ತೋಟಕ್ಕೆ ಹೊಕ್ಕರೆ ವರ್ಷದ ಬೆಳೆ ಹೋದ ಹಾಗೆ. ಬಬಲೇಶ್ವರ ಕಡೆಯ ರೈತರೊಬ್ಬರು ಔಷಧಿ ಹೊಡೆಯುವ ಬ್ಲೋವರ್ ನಿಂತುಬಿಟ್ಟಿದೆ ಎಂದು ರಾತ್ರಿ ಎಂಟಕ್ಕೆ ಬಂದು ನನ್ನನ್ನು ಬೈಕಿನ ಮೇಲೆ ಕರೆದೊಯ್ದರು.

ಪಂಪು ಬಿಚ್ಚಬೇಕಿತ್ತು. ನಾಲ್ಕೇ ನಟ್ಟು, ಹದಿನೇಳರ ಪಾನಾ ಕೂಡುವಂಥವು. ಮೂರು ಬಿಚ್ಚಿದವು. ನಾಲ್ಕನೆಯದು ಔಷಧಿ ನೀರು ಕುಡಿದು ಜಂಗು ಹಿಡಿದಿತ್ತು. ಜೋರು ಹಾಕಿದೆ. ಕೈಯಲ್ಲಿ ಏನೋ ಮೆತ್ತಗೆ ಸರಿಯಿತು. ನಟ್ಟು ಸಡಿಲಾಯಿತೆಂದು ಉಸಿರು ಬಿಟ್ಟೆ. ಬ್ಯಾಟರಿ ಹಚ್ಚಿ ನೋಡಿದರೆ ನಟ್ಟು ಇದ್ದಲ್ಲೇ ಇತ್ತು. ಪಾನಾದ ಬಾಯಿ ಅಗಲಾಗಿ, ನಟ್ಟಿನ ಆರೂ ಮೂಲೆ ತಿಂದುಹೋಗಿ, ಅದು ಅಂಗಿಯ ಗುಂಡಿಯ ಹಾಗೆ ಗುಂಡಗೆ ಹೊಳೆಯುತ್ತಿತ್ತು.

"ತಮ್ಮಾ, ಮುಂಜಾನಿ ಅನ್ನೂದ್ರಾಗ ಆಗ್ತದೇನಪಾ?" ಎಂದು ಆ ಹಿರಿಯರು ಕೇಳಿದರು. "ಆಗ್ತದ್ರೀ ಕಾಕಾ" ಎಂದೆ. ಆಗಲಿಲ್ಲ. ಛನ್ನಿ ಇಟ್ಟು ಹತೋಡಿಯಿಂದ ಬಡಿದು ಆ ನಟ್ಟನ್ನು ಸೀಳುವಷ್ಟರಲ್ಲಿ ರಾತ್ರಿ ಎರಡಾಗಿತ್ತು, ಬೋಲ್ಟೂ ಕೆಟ್ಟಿತ್ತು. ಹೊಸ ಬೋಲ್ಟಿಗೆ ವಿಜಯಪುರದ ಅಂಗಡಿ ತೆರೆಯುವತನಕ ಕಾಯಬೇಕಾಯಿತು. ಮರುದಿನ ಮಧ್ಯಾಹ್ನ ಅವರು ಔಷಧಿ ಹೊಡೆದರು. ಆ ಅರ್ಧ ದಿನ ಅವರಿಗೆ ಎಷ್ಟಕ್ಕೆ ಬಿತ್ತೆಂದು ಅವರು ಹೇಳಲಿಲ್ಲ. ನಾನು ಕೂಲಿ ಕೇಳಲಿಲ್ಲ.

ಆ ಪಾನಾ ಸಂತೆಯಲ್ಲಿ ಚಾದರ ಹಾಸಿ ಮಾರುವವರ ಹತ್ತಿರ ಕೊಂಡ ಸೆಟ್ಟಿನದು. ಮೇಲೆ ಕನ್ನಡಿಯಂಥ ಹೊಳಪು, ಒಳಗೆ ಮೆತ್ತನೆಯ ಕಬ್ಬಿಣ. ಮರುವಾರ ನಾನು ಕೆಲಸ ಕಲಿತ ಉಸ್ತಾದರ ಹತ್ತಿರ ಹೋಗಿ ಅದನ್ನು ತೋರಿಸಿದೆ. ಅವರು ಬಹಳ ವರ್ಷ ಸೌದಿಯ ದಮ್ಮಾಮ್‌ನ ಗ್ಯಾರೇಜಿನಲ್ಲಿ ದುಡಿದು ಬಂದವರು. ಬರುವಾಗ ಬಂಗಾರಕ್ಕಿಂತ ಜೋಪಾನವಾಗಿ ತಂದದ್ದು ಜರ್ಮನಿಯ ಗೆಡೋರ್ ಕಂಪನಿಯ ರಿಂಗ್ ಪಾನಾಗಳನ್ನು. ರೆಮ್‌ಶೈಡ್ ಎಂಬ ಊರಿನಲ್ಲಿ ಡೋವಿಡಾಟ್ ಮನೆತನದ ಮೂವರು ಅಣ್ಣತಮ್ಮಂದಿರು 1919ರಲ್ಲಿ ಶುರು ಮಾಡಿದ ಕಾರ್ಖಾನೆ ಅದು. ಸಹೋದರರು ಎಂಬುದರ ಜರ್ಮನ್ ಪದ, ಮನೆತನ, ಊರು, ಈ ಮೂರರ ಮೊದಲಕ್ಷರ ಕೂಡಿಸಿ ಆ ಹೆಸರು.

ಉಸ್ತಾದರು ಒಂದು ಹೊಸ ನಟ್ಟನ್ನು ವೈಸಿನಲ್ಲಿ ಕಚ್ಚಿಸಿ, ನನ್ನ ಪಾನಾ ಅದರ ಮೇಲಿಟ್ಟು "ಅಳ್ಳಾಡ್ಸು" ಎಂದರು. ಹಿಡಿಕೆಯ ತುದಿ ಎರಡು ಬೆರಳಷ್ಟು ಆಚೀಚೆ ಆಡಿತು. ಅವರ ಪಾನಾ ಇಟ್ಟೆ. ಆಡಿದ್ದು ಗೊತ್ತಾಗದಷ್ಟು. "ಈ ಆಟನ ಮೂಲಿ ತಿಂತದ. ರೊಕ್ಕಾ ಕೊಡೂದು ಇದಕ್ಕ, ಹೊಳಪಿಗಲ್ಲ" ಎಂದರು. ಇವತ್ತಿಗೂ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಹೊಸ ನಟ್ಟು ಇಟ್ಟುಕೊಂಡೇ ಹೋಗುತ್ತೇನೆ.

ಅಲ್ಲಿಂದ ನನಗೆ ದುಬಾರಿ ಸಾಮಾನಿನ ಹುಚ್ಚು ಹಿಡಿಯಿತು. ಕೈಗಡ ತಂದು ವಿದೇಶಿ ಸಾಕೆಟ್ ಸೆಟ್ ಕೊಂಡೆ. ಮೊದಲ ಮಳೆಗಾಲದಲ್ಲೇ ಅದರ ಹದಿಮೂರರ ಸಾಕೆಟ್ ಎರಿ ಹೊಲದಲ್ಲಿ ಬಿತ್ತು. ನಮ್ಮ ಎರಿ ಮಣ್ಣು ಹಸಿ ಇದ್ದಾಗ ಕಾಲಿನ ಚಪ್ಪಲಿಯನ್ನೇ ಬಿಡುವುದಿಲ್ಲ, ಬೆರಳುದ್ದದ ಸಾಕೆಟ್ ಬಿಟ್ಟೀತೇ? ಬೇಸಿಗೆಯಲ್ಲಿ ಹೊಲ ಬಿರುಕು ಬಿಟ್ಟಾಗಲೂ ಹೋಗಿ ಹುಡುಕಿದೆ, ಸಿಗಲಿಲ್ಲ. ಅದೊಂದನ್ನೇ ಬಿಡಿಯಾಗಿ ತರಿಸಲು ಹೋದರೆ ಕೇಳಿದ ಬೆಲೆಗೆ ನಾಸಿಕ್‌ನ ತಪಾರಿಯಾ ಕಂಪನಿಯ ಹಲವು ಸಾಕೆಟ್ ಬರುತ್ತಿದ್ದವು.

ಅಮೆರಿಕದ ಮೆಕ್ಯಾನಿಕರು ಸ್ನ್ಯಾಪ್-ಆನ್ ಸಾಮಾನಿಗೆ ಅಷ್ಟು ಹಣ ಸುರಿಯುವುದು ಏಕೆಂದು ಆಮೇಲೆ ತಿಳಿಯಿತು. ಆ ಕಂಪನಿ 1920ರಲ್ಲಿ ಮಿಲ್ವಾಕಿಯಲ್ಲಿ ಶುರುವಾದದ್ದು ಐದು ಹಿಡಿಕೆ, ಹತ್ತು ಸಾಕೆಟ್‌ಗಳಿಂದ. ಯಾವ ಸಾಕೆಟ್ಟನ್ನು ಯಾವ ಹಿಡಿಕೆಗಾದರೂ ಹಾಕಬಹುದು. ಐದು ಐವತ್ತರ ಕೆಲಸ ಮಾಡುತ್ತವೆ. ಇಂದು ಅವರ ಒಂದು ರ‍್ಯಾಚೆಟ್ ಅಲ್ಲಿಯೇ ನೂರು ಡಾಲರ್ ದಾಟುತ್ತದೆ. ಆದರೆ ಅಲ್ಲಿ ಕಂಪನಿಯ ವ್ಯಾನು ವಾರಕ್ಕೊಮ್ಮೆ ಗ್ಯಾರೇಜಿನ ಬಾಗಿಲಿಗೆ ಬರುತ್ತದೆ. ಮುರಿದದ್ದು ಕೊಟ್ಟರೆ ಹೊಸದು ಕೊಡುತ್ತಾರೆ, ಉದ್ರಿಯೂ ಕೊಡುತ್ತಾರೆ. ಆ ಬೆಲೆಯಲ್ಲಿ ವ್ಯಾನಿನ ಪಾಲೂ ಇದೆ. ಸಾರವಾಡಕ್ಕೆ ಅಂಥ ವ್ಯಾನು ಬರುವುದಿಲ್ಲ. ಬಾರದ ವ್ಯಾನಿಗೆ ನಾನೇಕೆ ದುಡ್ಡು ಕೊಡಲಿ?

ತಪಾರಿಯಾ ಹಾಗಲ್ಲ. ಸ್ವೀಡನ್ನಿನ ತಾಂತ್ರಿಕ ನೆರವಿನೊಂದಿಗೆ 1969ರಲ್ಲಿ ಕೆಲಸ ಶುರು ಮಾಡಿದ ಕಂಪನಿ ಅದು. ಅದರ ಪಾನಾ ನಮ್ಮ ಕಡೆಯ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಉಸ್ತಾದರ ಗೆಡೋರಿನ ಪಕ್ಕದಲ್ಲಿಟ್ಟು ವರ್ಷಗಟ್ಟಲೆ ಬಳಸಿದ್ದೇನೆ. ಹಿಡಿತದ ನಯ, ಮಾಟ ಜರ್ಮನಿಯದೇ ಮೇಲು. ದಿನದ ಕೆಲಸದಲ್ಲಿ ನಟ್ಟಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಕಂಪನಿಗಿಂತ ಹೆಚ್ಚಿನದೊಂದು ಇದೆ, ಅದನ್ನು ಬಹಳ ತಡವಾಗಿ ಕಲಿತೆ. ನಮ್ಮ ಡೋಣಿ ಹೊಳೆಯ ನೀರು ಸವಳು. ಹಳ್ಳ ದಾಟಿ, ಕೆಸರಿನಲ್ಲಿ ನಿಂತು ಬಂದ ಟ್ರ್ಯಾಲಿ, ರೋಟಾವೇಟರ್‌ಗಳ ನಟ್ಟು ಬೇಗ ಜಂಗು ಹಿಡಿಯುತ್ತವೆ. ಅಂಥವಕ್ಕೆ ಹನ್ನೆರಡು ಮೂಲೆಯ ರಿಂಗ್ ಎಷ್ಟೇ ದುಬಾರಿಯದಿರಲಿ, ಜಾರುತ್ತದೆ. ಆರು ಮೂಲೆಯ ಸಾಧಾರಣ ಸಾಕೆಟ್ ಕಚ್ಚಿ ಹಿಡಿಯುತ್ತದೆ. ಹಿಂದಿನ ರಾತ್ರಿಯೇ ಡೀಸೆಲ್ ಹನಿಸಿ ಬಿಟ್ಟರೆ ಇನ್ನೂ ಒಳ್ಳೆಯದು. ಹಳೆಯ ಮ್ಯಾಸಿ ಟ್ರ್ಯಾಕ್ಟರ್‌ಗಳ ಮಾತು ಬೇರೆ, ಅವುಗಳಲ್ಲಿ ಇಂಚಿನ ನಟ್ಟು ಬಹಳ. ಅರ್ಧ ಇಂಚು ಎಂದರೆ 12.7 ಮಿ.ಮೀ. ಅದಕ್ಕೆ ಹದಿಮೂರರ ಪಾನಾ ಹಾಕಿ ಮೂಲೆ ಕೆಡಿಸಿದ ಗಾಡಿಗಳು ಎಷ್ಟು ಬಂದಿವೆಯೋ! ಇಂಚಿನ ನಾಲ್ಕು ಪಾನಾ ಇಟ್ಟುಕೊಂಡರೆ ಅದು ತಪ್ಪುತ್ತದೆ.

ದುಬಾರಿಯದನ್ನೇ ಕೊಳ್ಳಬೇಕಾದ ಸಾಮಾನು ನನ್ನ ಲೆಕ್ಕದಲ್ಲಿ ಎರಡು. ಒಂದು ರ‍್ಯಾಚೆಟ್. ಇಪ್ಪತ್ತನಾಲ್ಕು ಹಲ್ಲಿನದು ಒಂದು ಹಲ್ಲು ದಾಟಲು ಹದಿನೈದು ಡಿಗ್ರಿ ತಿರುಗಬೇಕು, ಎಪ್ಪತ್ತೆರಡು ಹಲ್ಲಿನದಕ್ಕೆ ಐದು ಡಿಗ್ರಿ ಸಾಕು. ಸೆಲ್ಫ್ ಮೋಟಾರಿನ ಹಿಂದೆ ಬೆರಳು ಹೋಗದ ಜಾಗದಲ್ಲಿ ಅದೇ ಕೆಲಸ ಉಳಿಸುತ್ತದೆ. ಜಾಮಾದ ನಟ್ಟಿಗೆ ಮಾತ್ರ ಅದನ್ನು ಹಾಕಬಾರದು, ಮೊದಲು ಉದ್ದನೆಯ ಹ್ಯಾಂಡಲ್‌ನಿಂದ ಸಡಿಲು ಮಾಡಿಕೊಳ್ಳಬೇಕು.

ಇನ್ನೊಂದು ಬೋಲ್ಟಿನ ಬಿಗಿತ ಅಳೆಯುವ ಟಾರ್ಕ್ ರೆಂಚ್. ಬಿಳಿಜೋಳದ ಬಿತ್ತಿಗೆಯ ಸಮಯದಲ್ಲಿ ಒಂದು ಟ್ರ್ಯಾಕ್ಟರಿನ ಹೆಡ್ ಬೋಲ್ಟುಗಳನ್ನು ಕೈ ಅಂದಾಜಿನಲ್ಲಿ ಬಿಗಿದು ಕಳಿಸಿದ್ದೆ. ಹದಿನೈದು ದಿನದಲ್ಲಿ ಗ್ಯಾಸ್ಕೆಟ್ ಹೋಯಿತು. ಎರಿ ಭೂಮಿಯ ಹಸಿ ಯಾರಿಗೂ ಕಾಯುವುದಿಲ್ಲ, ಆ ಮನೆಯವರು ಬಾಡಿಗೆ ಟ್ರ್ಯಾಕ್ಟರಿನಿಂದ ಬಿತ್ತಿದರು. ಆ ತಪ್ಪು ಪೂರ್ತಿ ನನ್ನದು. ಆಮೇಲೆ ಒಳ್ಳೆಯ ಟಾರ್ಕ್ ರೆಂಚ್ ಕೊಂಡೆ. ಕೆಲಸ ಮುಗಿದ ಮೇಲೆ ಅದರ ಸ್ಪ್ರಿಂಗನ್ನು ಕೆಳಗಿನ ಅಂಕಿಗೆ ಸಡಿಲು ಮಾಡಿ ಇಡಬೇಕು, ವರ್ಷಕ್ಕೊಮ್ಮೆ ಇಲ್ಲವೇ ಐದು ಸಾವಿರ ಬಿಗಿತಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ಇಷ್ಟು ಮಾಡದಿದ್ದರೆ ಎಷ್ಟು ದುಡ್ಡು ಕೊಟ್ಟು ತಂದರೂ ಅದು ಹೇಳುವ ಅಂಕಿ ನಂಬಬೇಡಿ.

ಐಟಿಐ ಮುಗಿಸಿ ಹೊಸದಾಗಿ ಗ್ಯಾರೇಜು ಹಾಕುವ ತಮ್ಮಂದಿರೇ, ಐವತ್ತು ಪಾನಾದ ಡಬ್ಬಿ ಒಮ್ಮೆಗೇ ಕೊಳ್ಳಬೇಡಿ, ಸಾಲವನ್ನಂತೂ ಮಾಡಬೇಡಿ. ಹತ್ತು, ಹದಿಮೂರು, ಹದಿನೇಳು, ಹತ್ತೊಂಬತ್ತು, ಈ ನಾಲ್ಕನ್ನು ನಟ್ಟಿನ ಮೇಲೆ ಅಳ್ಳಾಡಿಸಿ ನೋಡಿ ತನ್ನಿ, ಉಳಿದವು ಕೆಲಸ ಬಂದ ಹಾಗೆ ಬರಲಿ. ಟಾರ್ಕ್ ರೆಂಚಿಗೆ ಈಗಲೇ ಹಣ ಸಾಲದಿದ್ದರೆ ಹೆಡ್ ಬಿಗಿಯುವ ದಿನ ಸಾರವಾಡಕ್ಕೆ ಬಂದು ನನ್ನದನ್ನು ಒಯ್ಯಿರಿ. ಸ್ಪ್ರಿಂಗ್ ಸಡಿಲು ಮಾಡಿ ತಂದು ಕೊಟ್ಟರೆ ಸಾಕು.