ಆದೇಶದ ಪ್ರತಿ ಕೊಡಿ

2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಅಪರಾಧ ಯಾವುದೇ ಇರಲಿ, ಬಂಧಿತನಿಗೆ ಬಂಧನದ ಕಾರಣಗಳನ್ನು ಬರಹದಲ್ಲಿ, ಅದೂ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಲೇಬೇಕು ಎಂದಿತು. ಮೂರು ದಿನ ಕಳೆದು, ನವೆಂಬರ್ 9ರ ಭಾನುವಾರ, ಶುದ್ಧ ಗಾಳಿ ಬೇಕೆಂದು ದೆಹಲಿಯ ಇಂಡಿಯಾ ಗೇಟ್ ಬಳಿ ಸೇರಿದ್ದ ಜನರಲ್ಲಿ ಹಲವರನ್ನು ಪೊಲೀಸರು ಬಸ್ಸಿಗೆ ಹತ್ತಿಸಿಕೊಂಡು ಹೋದರು. ಮಕ್ಕಳನ್ನು ಕರೆತಂದಿದ್ದ ತಾಯಂದಿರೂ ಆ ಗುಂಪಿನಲ್ಲಿದ್ದರು. ಅನುಮತಿ ಇರಲಿಲ್ಲ, ಪ್ರತಿಭಟನೆಗೆ ಗೊತ್ತುಮಾಡಿದ ಜಾಗ ಜಂತರ್ ಮಂತರ್ ಎಂಬುದು ಪೊಲೀಸರ ಸಮಜಾಯಿಷಿ. ಎರಡನೆಯ ಸುದ್ದಿ ಟಿವಿಯಲ್ಲಿ ಓಡಾಡಿತು, ಮೊದಲನೆಯದು ವಕೀಲರ ನಡುವೆ ಉಳಿಯಿತು. ಆದರೆ ಎರಡನ್ನೂ ಒಟ್ಟಿಗಿಟ್ಟು ಓದಬೇಕು. ಕೆಟ್ಟ ಗಾಳಿ ನೀರಿನ ದೂರು, ಬೀದಿಯ ಪ್ರತಿಭಟನೆ, ಸರ್ಕಾರದ ಕಣ್ಗಾವಲು, ಈ ಮೂರೂ ಕಾನೂನಿನ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳು. ಬಾವಿ ಕೆಟ್ಟುಹೋದ ಊರಿನವರಿಗೆ ಮಾತ್ರ ಅವು ಒಂದರ ಹಿಂದೊಂದು ಬರುತ್ತವೆ: ಮೊದಲು ದೂರು, ಆಮೇಲೆ ಧರಣಿ, ಆಮೇಲೆ ಠಾಣೆಯ ಪಟ್ಟಿಯಲ್ಲಿ ಹೆಸರು. ಈ ಮೂರು ಹಂತಗಳಲ್ಲೂ ಕಾನೂನು ಸರ್ಕಾರಕ್ಕೆ ಹಾಕಿರುವ ಷರತ್ತು ಒಂದೇ ಬಗೆಯದು. ಮಾಡುವುದನ್ನು ಬರಹದಲ್ಲಿ ಮಾಡು, ಕಾರಣ ಹೇಳು, ಎಷ್ಟು ದಿನಕ್ಕೆಂದು ಹೇಳು. ಹಾಗಾಗಿ ಆ ಬರಹವನ್ನು ಕೇಳಿ ಪಡೆಯುವುದು ನಾಗರಿಕನ ಮೊದಲ ಕೆಲಸ ಎಂಬುದು ನನ್ನ ವಾದ.

ಇದು ಎಷ್ಟು ಗಂಭೀರ ಎಂಬುದಕ್ಕೆ ತೂತ್ತುಕುಡಿಯ ಸ್ಟರ್ಲೈಟ್ ತಾಮ್ರ ಕಾರ್ಖಾನೆಯ ಪ್ರಕರಣ ಸಾಕು. 2013ರ ಏಪ್ರಿಲ್‌ನಲ್ಲೇ ಸುಪ್ರೀಂ ಕೋರ್ಟ್ ಆ ಕಂಪನಿಗೆ ಪರಿಸರ ಹಾನಿಯ ಪರಿಹಾರವಾಗಿ 100 ಕೋಟಿ ರೂಪಾಯಿ ಕಟ್ಟಲು ಹೇಳಿತ್ತು. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನು ನವೀಕರಿಸಿಕೊಳ್ಳದೆ ಕಾರ್ಖಾನೆ ಬಹುಕಾಲ ನಡೆದದ್ದನ್ನೂ ಗುರುತಿಸಿತ್ತು. 2018ರಲ್ಲಿ ವಿಸ್ತರಣೆಯ ಯೋಜನೆ ಬಂದಾಗ ಜನ ಧರಣಿ ಕೂತರು. ನೂರನೆಯ ದಿನ, ಮೇ 22ರಂದು, ಜಿಲ್ಲಾಧಿಕಾರಿ ಕಚೇರಿಯತ್ತ ಮೆರವಣಿಗೆ ಹೊರಟಿತು. ಹಿಂದಿನ ದಿನವಷ್ಟೇ ನಿಷೇಧಾಜ್ಞೆ ಹೊರಟಿತ್ತು. ಪೊಲೀಸ್ ಗೋಲಿಬಾರಿನಲ್ಲಿ 13 ಜನ ಸತ್ತರು, ಬೆನ್ನಿಗೇ ಇಂಟರ್‌ನೆಟ್ ನಿಂತಿತು. ನಿವೃತ್ತ ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗ ಪೊಲೀಸರು ಮಿತಿ ಮೀರಿದ್ದನ್ನು ದಾಖಲಿಸಿತು. 2018ರ ಮೇ 28ರಂದೇ ತಮಿಳುನಾಡು ಸರ್ಕಾರ ಕಾರ್ಖಾನೆಗೆ ಬೀಗ ಹಾಕಿತ್ತು. 2020ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2024ರ ಫೆಬ್ರವರಿ 29ರಂದು ಸುಪ್ರೀಂ ಕೋರ್ಟ್ ಕಂಪನಿಯ ಮನವಿಯನ್ನು ತಳ್ಳಿಹಾಕಿತು. ಊರವರ ದೂರಿನಲ್ಲಿ ಹುರುಳಿತ್ತು ಎಂದು ಅಂತಿಮವಾಗಿ ಸ್ಥಾಪಿತವಾದದ್ದು ಸಾವುಗಳಾಗಿ ಸುಮಾರು ಆರು ವರ್ಷದ ಮೇಲೆ. ಅದನ್ನು ಸ್ಥಾಪಿಸಿದ್ದು ಮಂಡಳಿಯ ಷರತ್ತುಗಳು, ತಪಾಸಣೆಯ ವರದಿಗಳು, ತ್ಯಾಜ್ಯ ಸುರಿದ ಜಾಗಗಳ ದಾಖಲೆಗಳು. ಘೋಷಣೆಗಳನ್ನು ಕಡೆಗಣಿಸಬಹುದು, ಕಡತಕ್ಕೆ ಸೇರಿದ ಕಾಗದಕ್ಕೆ ನ್ಯಾಯಾಲಯ ಉತ್ತರ ಕೇಳುತ್ತದೆ.

ಆದ್ದರಿಂದ ಧರಣಿಗಿಂತ ಮೊದಲಿನ ಹಂತವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕೊಳಚೆ ನೀರು ಬಿಡುವ ಕಾರ್ಖಾನೆ ಸಾಮಾನ್ಯವಾಗಿ ಮಂಡಳಿಯ ಸಮ್ಮತಿ ಪಡೆದಿರಬೇಕು. 1974ರ ಜಲ ಕಾಯ್ದೆಯ 25(6)ನೇ ಕಲಂ ಪ್ರಕಾರ, ಆ ಸಮ್ಮತಿಯ ಷರತ್ತುಗಳನ್ನು ಮಂಡಳಿ ಒಂದು ವಹಿಯಲ್ಲಿ ಬರೆದಿಡಬೇಕು, ಕೊಳಚೆಯಿಂದ ಬಾಧಿತರಾದ ಯಾರೇ ಆಗಲಿ ಕಚೇರಿ ವೇಳೆಯಲ್ಲಿ ಬಂದು ಅದನ್ನು ನೋಡಬಹುದು. 1981ರ ವಾಯು ಕಾಯ್ದೆಯ 51ನೇ ಕಲಂ ಹೊಗೆಗೆ ಸಂಬಂಧಿಸಿದಂತೆ ಇದೇ ಹಕ್ಕು ಕೊಟ್ಟಿದೆ. ಹಾಗಿದ್ದೂ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಿ ‘ಈ ಕಾರ್ಖಾನೆಯ ಸಮ್ಮತಿ ಪತ್ರ ತೋರಿಸಿ’ ಎಂದು ಕೇಳುವವರು ವಿರಳ. ಕೇಳಿದರೆ ಸಿಗುವುದೇನು? ದಿನಕ್ಕೆ ಎಷ್ಟು ನೀರು ಬಿಡಬಹುದು, ಅದರಲ್ಲಿ ಯಾವ ರಾಸಾಯನಿಕ ಎಷ್ಟಿರಬಹುದು, ಚಿಮಣಿ ಎಷ್ಟು ಎತ್ತರವಿರಬೇಕು, ಸಮ್ಮತಿ ಯಾವ ತಾರೀಖಿಗೆ ಮುಗಿಯುತ್ತದೆ ಎಂಬ ವಿವರ. ‘ನೀರು ಕೆಟ್ಟಿದೆ, ಕ್ರಮ ಕೈಗೊಳ್ಳಿ’ ಎಂಬ ಅರ್ಜಿಗೆ ಪರಿಶೀಲಿಸಲಾಗುವುದು ಎಂಬ ಹಿಂಬರಹ ಬರುತ್ತದೆ. ‘ಇಂಥ ಷರತ್ತು ಇಂಥ ದಿನ ಮುರಿದಿದೆ’ ಎಂಬ ಅರ್ಜಿಗೆ ಅಷ್ಟು ಸುಲಭದ ಹಿಂಬರಹ ಸಾಧ್ಯವಿಲ್ಲ. ಜತೆಗೆ ಆರೋಗ್ಯದ ದಾಖಲೆ ಇರಲಿ. ಯಾವ ಬೀದಿಯಲ್ಲಿ ಯಾರಿಗೆ ಯಾವಾಗಿನಿಂದ ಚರ್ಮದ ತುರಿಕೆ, ಉಸಿರಾಟದ ತೊಂದರೆ ಎಂಬುದು ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಗಳಲ್ಲಿ ಚದುರಿಹೋಗಿರುತ್ತದೆ. ಅದನ್ನು ಒಟ್ಟುಮಾಡಿ ತಾರೀಖಿನ ಸಮೇತ ಲಗತ್ತಿಸಿ, ಟಪಾಲು ವಿಭಾಗದ ಮೊಹರು ಬಿದ್ದ ಸ್ವೀಕೃತಿ ಪ್ರತಿಯನ್ನು ಜೋಪಾನ ಮಾಡಬೇಕು. ಒಂದು ಎಚ್ಚರಿಕೆ: ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಲು ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳ ಗಡುವಿದೆ, ಸಕಾರಣವಿದ್ದರೆ ಇನ್ನು 60 ದಿನ. ಹಾನಿಗೆ ಪರಿಹಾರ ಕೇಳಲು ಐದು ವರ್ಷ. ನಿಮ್ಮ ಪತ್ರದ ತಾರೀಖು ನಿಮಗೆ ಸಾಕ್ಷಿಯಾದಂತೆ, ಗಡುವು ಎಂದು ಶುರುವಾಯಿತು ಎಂಬುದಕ್ಕೂ ಸಾಕ್ಷಿಯಾಗುತ್ತದೆ. ಬರೆದು ಸುಮ್ಮನೆ ಕೂರುವಂತಿಲ್ಲ.

ಹಲವು ಬಗೆಯ ಹೊಸ ಯೋಜನೆಗಳಿಗೆ ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯಂತೆ ಪರಿಸರ ಸಾರ್ವಜನಿಕ ಆಲಿಕೆ ನಡೆಯಬೇಕು. ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು, ಸಭೆಯ ವಿಡಿಯೊ ಆಗಬೇಕು, ಕೊನೆಯಲ್ಲಿ ನಡಾವಳಿಯನ್ನು ಜನರೆದುರು ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಬೇಕು. ಈ ಸಭೆಗೆ ಕೋರಂ ಇಲ್ಲ. ಹತ್ತೇ ಜನ ಬಂದರೂ ಸಭೆ ನಡೆಯಿತೆಂದೇ ಲೆಕ್ಕ. ಬಹಿಷ್ಕಾರ ಹಾಕಿ ಹೊರಗೆ ನಿಲ್ಲುವುದರಿಂದ ನಡಾವಳಿಯಲ್ಲಿ ವಿರೋಧವೇ ದಾಖಲಾಗದೆ ಹೋಗುತ್ತದೆ. ಆಕ್ಷೇಪಣೆಯನ್ನು ಬರೆದು ಕೊಟ್ಟು, ಬೇಕಾದರೆ ಆಮೇಲೆ ಹೊರನಡೆಯಿರಿ.

ಇನ್ನು ಬೀದಿಯ ವಿಷಯ. ಹಿಂದೆ 144 ಎನ್ನುತ್ತಿದ್ದ ನಿಷೇಧಾಜ್ಞೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಅದು ಲಿಖಿತವಾಗಿರಬೇಕು, ಸಂಗತಿಗಳನ್ನು ಹೇಳಬೇಕು, ಸಾಮಾನ್ಯವಾಗಿ ಎರಡು ತಿಂಗಳು ಮೀರುವಂತಿಲ್ಲ. ಬಾಧಿತರು ಅದನ್ನು ರದ್ದುಮಾಡಲು ಅದೇ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಇದು ಬರೀ ಬಾಯಿಮಾತಿನ ರಕ್ಷಣೆಯಲ್ಲ ಎಂಬುದಕ್ಕೆ ನಮ್ಮ ಬೆಂಗಳೂರೇ ನಿದರ್ಶನ. 2019ರ ಡಿಸೆಂಬರ್ 18ರಂದು, ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಗಳ ಹೊತ್ತಿನಲ್ಲಿ, ನಗರ ಪೊಲೀಸ್ ಆಯುಕ್ತರು ಹೊರಡಿಸಿದ ನಿಷೇಧಾಜ್ಞೆಯನ್ನು ಕರ್ನಾಟಕ ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಕಾನೂನುಬಾಹಿರ ಎಂದು ಸಾರಿತು. ಆ ತೀರ್ಪಿನ ಬೆನ್ನಿಗೆ ಅನುರಾಧಾ ಭಸಿನ್ ಪ್ರಕರಣವಿತ್ತು. ಆ ಪ್ರಕರಣದಲ್ಲಿ, ಇಂಟರ್‌ನೆಟ್ ನಿಲ್ಲಿಸುವ ಆದೇಶ, ನಿಷೇಧಾಜ್ಞೆ ಎಲ್ಲವನ್ನೂ ಪ್ರಕಟಿಸಬೇಕು, ಇಲ್ಲದಿದ್ದರೆ ಜನ ಅದನ್ನು ಪ್ರಶ್ನಿಸುವುದಾದರೂ ಹೇಗೆ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ತೋರಿಸಿಕೊಟ್ಟಿತ್ತು. 2024ರ ದೂರಸಂಪರ್ಕ ನಿಯಮಗಳು ಇದನ್ನೇ ಮುಂದುವರಿಸಿ, ಸೇವೆ ನಿಲ್ಲಿಸುವ ಒಂದು ಆದೇಶಕ್ಕೆ 15 ದಿನದ ಮಿತಿ ಹಾಕಿವೆ.

ಬೀದಿಗಿಳಿದರೆ ಬೇರೆಯವರಿಗೆ ತೊಂದರೆ, ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ಆಕ್ಷೇಪವಿದೆ. ಅದು ನಿಜವಾದ ತೊಂದರೆ, ಹಗುರವಾಗಿ ಕಾಣಬಾರದು. ಕಾನೂನೂ ಅದನ್ನು ಒಪ್ಪಿದೆ. ಶಾಹೀನ್ ಬಾಗ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸುವಂತಿಲ್ಲ ಎಂದಿತು. ಬೆಂಗಳೂರಿನಲ್ಲಿ 2021ರ ಆದೇಶದಂತೆ ಪ್ರತಿಭಟನೆ ಫ್ರೀಡಂ ಪಾರ್ಕಿಗೆ ಸೀಮಿತವಾಗಿದೆ. ಆದರೆ ಹಿಮತ್‌ಲಾಲ್ ಶಾ ಪ್ರಕರಣದಲ್ಲಿ ಸಂವಿಧಾನ ಪೀಠ ಎಳೆದ ಗೆರೆಯನ್ನು ಮರೆಯಬಾರದು: ಸಾರ್ವಜನಿಕ ಸಭೆಯನ್ನು ಸರ್ಕಾರ ಕ್ರಮಬದ್ಧಗೊಳಿಸಬಹುದು, ಅನುಮತಿ ಕೊಡುವುದನ್ನು ಅಧಿಕಾರಿಯ ಮನಸ್ಸಿಗೆ ಬಿಡುವಂತಿಲ್ಲ. ಆದ್ದರಿಂದ ಅನುಮತಿಯನ್ನು ಬರೆದು ಕೇಳಿ, ನಿರಾಕರಣೆಯನ್ನೂ ಬರಹದಲ್ಲೇ ಪಡೆಯಿರಿ. ತೂತ್ತುಕುಡಿಯ ಬಾವಿಯ ಮಾತನ್ನು ಚೆನ್ನೈಯ ಉದ್ಯಾನದಲ್ಲಿ ಹೇಳಬೇಕೆಂದರೆ ಆ ಮಾತು ತಲಪಬೇಕಾದ ಕಿವಿಗೆ ತಲಪುವುದಿಲ್ಲ. ಜಾಗ ಗೊತ್ತುಮಾಡುವ ಅಧಿಕಾರಕ್ಕೂ ಒಂದು ಮಿತಿ ಇರಲೇಬೇಕು ಎಂದು ನಾನು ನಂಬುವುದು ಈ ಕಾರಣಕ್ಕೆ.

ಪೊಲೀಸರು ಕರೆದುಕೊಂಡು ಹೋದರೆ ಮೊದಲ ಪ್ರಶ್ನೆ, ಇದು ದಸ್ತಗಿರಿಯೋ ಅಲ್ಲವೋ? ಮುಂಜಾಗ್ರತೆಯೆಂದು ನಾಗರಿಕ ಸುರಕ್ಷಾ ಸಂಹಿತೆಯ 170ನೇ ಕಲಂ ಕೆಳಗೆ ದಸ್ತಗಿರಿ ಮಾಡಬಹುದು. ಪೊಲೀಸರ ನಿರ್ದೇಶನ ಪಾಲಿಸಲಿಲ್ಲವೆಂದು 172ನೇ ಕಲಂ ಕೆಳಗೆ ತಡೆದಿಡಬಹುದು. ಯಾವುದೇ ಆದರೂ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸದೆ 24 ಗಂಟೆ ದಾಟುವಂತಿಲ್ಲ, ಪ್ರಯಾಣದ ಅವಧಿ ಮಾತ್ರ ಲೆಕ್ಕಕ್ಕಿಲ್ಲ. ದಸ್ತಗಿರಿಯಾದರೆ 36ನೇ ಕಲಂನಂತೆ ಸ್ಥಳದಲ್ಲೇ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೋ ಆ ಬಡಾವಣೆಯ ಗೌರವಸ್ಥರೋ ಸಾಕ್ಷಿ ಹಾಕಬೇಕು, ಬಂಧಿತರ ರುಜುವೂ ಬೇಕು. ಆ ಮೆಮೊದಲ್ಲಿ ನೋಡಬೇಕಾದದ್ದು ಸಮಯ. ಬೆಳಿಗ್ಗೆ 10ಕ್ಕೆ ವ್ಯಾನು ಹತ್ತಿಸಿ ಸಂಜೆ 6 ಎಂದು ಬರೆದಿದ್ದರೆ, ರುಜುವಿನ ಪಕ್ಕದಲ್ಲೇ ನಿಜವಾದ ವೇಳೆಯನ್ನು ಬರೆಯಿರಿ. ನವೆಂಬರ್ ತೀರ್ಪಿನ ಪ್ರಕಾರ, ಬಂಧನದ ಹೊತ್ತಿಗೆ ಕಾರಣಗಳನ್ನು ಬರೆದುಕೊಡಲು ಆಗದಿದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು. ಕೊಡದಿದ್ದರೆ ಬಂಧನವೂ ರಿಮಾಂಡೂ ಅಕ್ರಮ. ಮುಂಬೈಯಲ್ಲಿ ದುಡಿಯುವ ಕಲಬುರಗಿಯವರು ಕನ್ನಡದಲ್ಲಿ ಕೇಳಬಹುದು, ಬೆಂಗಳೂರಿನಲ್ಲಿ ದುಡಿಯುವ ಒಡಿಶಾದವರು ಒಡಿಯಾದಲ್ಲಿ. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸಬೇಕಾದರೆ ಅಸಾಧಾರಣ ಕಾರಣ, ಮಹಿಳಾ ಅಧಿಕಾರಿ, ಮ್ಯಾಜಿಸ್ಟ್ರೇಟರ ಮುನ್ನನುಮತಿ ಮೂರೂ ಬೇಕು.

ಆಮೇಲೆ ಬರುವುದು ಫೋನು. 2021ರ ಫೆಬ್ರವರಿಯಲ್ಲಿ ಬೆಂಗಳೂರಿನ ಯುವ ಪರಿಸರ ಕಾರ್ಯಕರ್ತೆಯೊಬ್ಬರನ್ನು ದೆಹಲಿ ಪೊಲೀಸರು ಕರೆದೊಯ್ದದ್ದು ರೈತ ಹೋರಾಟದ ಒಂದು ಆನ್‌ಲೈನ್ ಕಡತವನ್ನು ತಿದ್ದಿದರೆಂಬ ಆರೋಪದ ಮೇಲೆ. ವಾಟ್ಸ್‌ಆ್ಯಪ್ ಗುಂಪು ಕಟ್ಟುವುದು, ನಿರುಪದ್ರವಿ ಕಡತ ತಿದ್ದುವುದು ಅಪರಾಧವಲ್ಲ ಎಂದು ದೆಹಲಿಯ ನ್ಯಾಯಾಲಯ ಹತ್ತು ದಿನಗಳಲ್ಲಿ ಜಾಮೀನು ಕೊಟ್ಟಿತು. ಮುಂದಿನ ತಿಂಗಳು, ಬೇರೊಂದು ಪ್ರಕರಣದಲ್ಲಿ, ಕರ್ನಾಟಕ ಹೈಕೋರ್ಟ್ ವೀರೇಂದ್ರ ಖನ್ನಾ ತೀರ್ಪಿನಲ್ಲಿ ಫೋನಿನ ಪಾಸ್‌ವರ್ಡ್ ವಿಷಯಕ್ಕೆ ದಾರಿ ಹಾಕಿಕೊಟ್ಟಿತು. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ನಿರಾಕರಿಸಿದರೆ ಅವರು ನ್ಯಾಯಾಲಯದಿಂದ ಶೋಧನಾ ವಾರಂಟ್ ತರಬೇಕು. ಫೋನನ್ನೇ ಕೊಡುವುದಿಲ್ಲ ಎಂದು ಹಟ ಹಿಡಿಯುವ ಹಕ್ಕು ಇದಲ್ಲ. ಲಿಖಿತ ಆದೇಶದ ಮೇಲೆ ಸಾಧನವನ್ನು ಹಾಜರುಪಡಿಸುವಂತೆ ಅದೇ ಸಂಹಿತೆಯ 94ನೇ ಕಲಂ ಕೆಳಗೆ ಕೇಳಲು ಅವಕಾಶವಿದೆ. ಆದರೆ 105ನೇ ಕಲಂ ಪ್ರಕಾರ ಶೋಧನೆ ಮತ್ತು ಜಪ್ತಿಯ ಪೂರ್ತಿ ವಿಡಿಯೊ ಆಗಬೇಕು, ಅದು ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮಹಜರಿನಲ್ಲಿ ಫೋನಿನ ಐಎಂಇಐ ಸಂಖ್ಯೆ ಮತ್ತು ಹ್ಯಾಶ್ ಮೌಲ್ಯ ಬರೆಸುವಂತೆ ಒತ್ತಾಯಿಸಿ. ಹ್ಯಾಶ್ ಎಂದರೆ ಒಳಗಿನ ದತ್ತಾಂಶದ ಬೆರಳಚ್ಚಿನಂಥ ಸಂಖ್ಯೆ. ಆಮೇಲೆ ಯಾರಾದರೂ ಒಂದು ಅಕ್ಷರ ಸೇರಿಸಿದರೂ ಅದು ಬದಲಾಗುತ್ತದೆ.

ಕದ್ದಾಲಿಕೆಗೆ ಈ ವಾದ ನಿಲ್ಲುವುದಿಲ್ಲ, ಗುಟ್ಟಿನ ಆದೇಶವನ್ನು ಕೇಳುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಬಲವಾದ ಪ್ರಶ್ನೆಯೇ. ಭಯೋತ್ಪಾದಕನಿಗೆ ಮುನ್ಸೂಚನೆ ಕೊಟ್ಟು ಫೋನು ಆಲಿಸಲು ಆಗದು. ಆದರೆ ಆದೇಶವನ್ನು ಗುಟ್ಟಾಗಿಡುವುದು ಬೇರೆ, ಆದೇಶವನ್ನೇ ಬರೆಯದಿರುವುದು ಬೇರೆ. 2023ರ ದೂರಸಂಪರ್ಕ ಕಾಯ್ದೆ ಮತ್ತು 2024ರ ಡಿಸೆಂಬರ್‌ನ ನಿಯಮಗಳಂತೆ ಗೃಹ ಕಾರ್ಯದರ್ಶಿ ಕಾರಣ ಬರೆದು ಆದೇಶಿಸಬೇಕು. ಒಮ್ಮೆಗೆ 60 ದಿನ, ಒಟ್ಟು 180 ದಿನ ಮೀರುವಂತಿಲ್ಲ, ಪರಿಶೀಲನಾ ಸಮಿತಿ ಅದನ್ನು ನೋಡಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದರು. ಅದನ್ನಾಧರಿಸಿ ಮದ್ರಾಸ್ ಹೈಕೋರ್ಟ್ 2025ರ ಜುಲೈನಲ್ಲಿ 2011ರ ಒಂದು ಕದ್ದಾಲಿಕೆ ಆದೇಶವನ್ನು ರದ್ದುಮಾಡಿತು. ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಕಾರಣವಿಲ್ಲದೆ ಸಾಮಾನ್ಯ ಅಪರಾಧ ಪತ್ತೆಗೆ ಫೋನು ಆಲಿಸುವಂತಿಲ್ಲ ಎಂದಿತು. ಹದಿನಾಲ್ಕು ವರ್ಷದ ಮೇಲೂ ಆ ಆದೇಶವನ್ನು ಅಳೆಯಲು ಸಾಧ್ಯವಾದದ್ದು ಅದು ಕಾಗದದ ಮೇಲಿದ್ದುದರಿಂದ. ಮುಖ ಗುರುತಿಸುವ ಕ್ಯಾಮೆರಾಗಳ ಸ್ಥಿತಿ ಇದಕ್ಕಿಂತ ಕಳವಳದ್ದು. ಅವಕ್ಕೆಂದೇ ಸಂಸತ್ತು ಮಾಡಿದ ಕಾಯ್ದೆ ಇಲ್ಲ, 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಂ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ದಾರಿ ಬಿಟ್ಟಿದೆ.

ಲಾಠಿ ಎದುರಿಗಿರುವಾಗ ಕಲಂ ಹೇಳುವ ಧೈರ್ಯ ಕೂಲಿ ಮಾಡುವವರಿಗೆ ಎಲ್ಲಿಂದ ಬರಬೇಕು ಎಂಬುದು ಎಲ್ಲಕ್ಕಿಂತ ಭಾರವಾದ ಆಕ್ಷೇಪ. ಅಲ್ಲಿ ವಾದಿಸಬೇಕೆಂದು ನಾನು ಹೇಳುತ್ತಿಲ್ಲ, ಅದು ಅಪಾಯವೂ ಹೌದು. ಕಾಗದ ಕೊಡಲಿಲ್ಲ ಎಂಬ ಸಂಗತಿಯೇ ಮರುದಿನ ಸಾಕ್ಷ್ಯವಾಗುತ್ತದೆ. 2024ರ ಮೇ ತಿಂಗಳಲ್ಲಿ ಪತ್ರಕರ್ತ ಪ್ರಬೀರ್ ಪುರಕಾಯಸ್ಥ ಅವರ ಬಂಧನವನ್ನು ಸುಪ್ರೀಂ ಕೋರ್ಟ್ ಅಸಿಂಧು ಎಂದದ್ದು ಲಿಖಿತ ಕಾರಣ ಕೊಟ್ಟಿರಲಿಲ್ಲ ಎಂಬ ಒಂದೇ ನೆಲೆಯ ಮೇಲೆ. ಮ್ಯಾಜಿಸ್ಟ್ರೇಟರು ‘ಏನಾದರೂ ಹೇಳುವುದಿದೆಯೇ’ ಎಂದು ಕೇಳಿದಾಗ ‘ನನಗೆ ಕಾರಣದ ಪ್ರತಿ ಕೊಟ್ಟಿಲ್ಲ, ಮನೆಗೆ ತಿಳಿಸಿಲ್ಲ’ ಎಂಬಷ್ಟು ಹೇಳಿದರೆ ಸಾಕು, ಅದನ್ನು ಬರೆದುಕೊಳ್ಳುವಂತೆ ಕೋರಬೇಕು. ಪೊಲೀಸರ ವಶದಲ್ಲಿರುವ ಯಾರಿಗೇ ಆಗಲಿ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ದುರಂತದ ಸಂತ್ರಸ್ತರಿಗೂ ಆ ಹಕ್ಕಿದೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಉಳಿದ ಕಾಗದಗಳಿಗೆ ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ, ಜೀವ ಮತ್ತು ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಕ್ಯಾಮೆರಾ ಹಾಕಿದ್ದು ಯಾವ ಸರ್ಕಾರಿ ಆದೇಶದ ಮೇಲೆ, ಚಿತ್ರಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಕಾರ್ಖಾನೆಯ ಕಳೆದ ತಪಾಸಣಾ ವರದಿ ಏನು ಹೇಳುತ್ತದೆ ಎಂಬುದನ್ನೆಲ್ಲ ಇದರಡಿ ಕೇಳಬಹುದು. 2025ರ ನವೆಂಬರ್‌ನಲ್ಲೇ ಜಾರಿಗೆ ಬಂದ ತಿದ್ದುಪಡಿಯಿಂದ 8(1)(ಜೆ) ವಿನಾಯಿತಿ ಹಿಗ್ಗಿ, ‘ವೈಯಕ್ತಿಕ ಮಾಹಿತಿ’ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಲು ಅವಕಾಶವಾಗಿದೆ. ತಪಾಸಣೆ ಮಾಡಿದ ಅಧಿಕಾರಿಯ ಹೆಸರನ್ನೂ ಇದರಡಿ ಮುಚ್ಚಿಡಲು ನೋಡಬಹುದು. 8(2)ನೇ ಕಲಂ ಮಾತ್ರ ಹಾಗೆಯೇ ಉಳಿದಿದೆ. ಸಾರ್ವಜನಿಕ ಹಿತ ಹೆಚ್ಚಿನದಾದರೆ ವಿನಾಯಿತಿ ಪಡೆದ ಮಾಹಿತಿಯನ್ನೂ ಕೊಡಬಹುದು ಎಂದು ಅದು ಹೇಳುತ್ತದೆ. ಎಷ್ಟು ಮನೆಗಳ ಕುಡಿಯುವ ನೀರು ಆ ಬಾವಿಯಿಂದ ಬರುತ್ತದೆ ಎಂಬ ಒಂದು ಸಾಲನ್ನು, 8(2)ರ ಹೆಸರು ಹೇಳಿ, ಅರ್ಜಿಯಲ್ಲೇ ಬರೆದುಬಿಡಿ. ತಿರಸ್ಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಆದೇಶದಿಂದ 90 ದಿನದೊಳಗೆ ಮಾಹಿತಿ ಆಯೋಗ.