ಬನ್ಸು ಉಬ್ಬುವುದೇಕೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹೋಟೆಲುಗಳಲ್ಲಿ ಬನ್ಸು ಸರ್ವಪರಿಚಿತವಾದ ತಿಂಡಿ. ಚೆನ್ನಾಗಿ ಕಳಿತ ಬಾಳೆಹಣ್ಣು, ಮೊಸರು, ಸಕ್ಕರೆ, ಉಪ್ಪು, ಜೀರಿಗೆ, ಚಿಟಿಕೆ ಅಡಿಗೆಸೋಡಾ ಇವುಗಳನ್ನು ಮೈದಾಹಿಟ್ಟಿನೊಡನೆ ನಾದಿ, ಕೆಲವು ಗಂಟೆಗಳ ಕಾಲ ಮುಚ್ಚಿಟ್ಟು, ತುಸು ದಪ್ಪಗೆ ಲಟ್ಟಿಸಿ ಎಣ್ಣೆಯಲ್ಲಿ ಕರಿದರೆ ಅದು ಸಿದ್ಧವಾಗುತ್ತದೆ. ದೂರದ ಐರ್ಲೆಂಡಿನ ಮನೆಗಳಲ್ಲಿ 19ನೆಯ ಶತಮಾನದಿಂದ ಬಳಕೆಯಲ್ಲಿರುವ ಸೋಡಾ ರೊಟ್ಟಿ ಇದರ ಬಂಧುವೆನ್ನಬಹುದು. ಗೋಧಿಹಿಟ್ಟು, ಮಜ್ಜಿಗೆ, ಉಪ್ಪು, ಸೋಡಾ, ಇಷ್ಟೇ ಅದರ ಸಾಮಗ್ರಿ. ಎರಡಕ್ಕೂ ಯೀಸ್ಟ್ ಬೇಡ. ಆದರೆ ಐರಿಷ್ ರೊಟ್ಟಿಯ ಹಿಟ್ಟನ್ನು ಕಲಸಿದೊಡನೆಯೇ ಬೇಯಲಿಡಬೇಕು. ತಡಮಾಡಿದರೆ ಅದು ಸರಿಯಾಗಿ ಉಬ್ಬದು. ಬನ್ಸಿನ ಹಿಟ್ಟಾದರೋ ರಾತ್ರಿಯೆಲ್ಲ ಇದ್ದರೂ ಬೆಳಿಗ್ಗೆ ಉಬ್ಬುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು?

ಅಡಿಗೆಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಅದು ಮೊಸರಿನ ಲ್ಯಾಕ್ಟಿಕ್ ಆಮ್ಲದೊಡನೆ ಸೇರಿದಾಗ ಸೋಡಿಯಂ ಲ್ಯಾಕ್ಟೇಟ್ ಎಂಬ ಲವಣವೂ ನೀರೂ ಕಾರ್ಬನ್ ಡೈ ಆಕ್ಸೈಡ್ ಅನಿಲವೂ ಉಂಟಾಗುತ್ತವೆ. 2 ಗ್ರಾಂ ಸೋಡಾದಿಂದ ಅರ್ಧ ಲೀಟರಿಗೂ ಮಿಕ್ಕಿ ಅನಿಲ ದೊರೆಯುತ್ತದೆ. ಗೋಧಿಯ ಅಂಟು ಪದಾರ್ಥವಾದ ಗ್ಲೂಟೆನ್ ಈ ಅನಿಲವನ್ನು ಸಣ್ಣ ಗುಳ್ಳೆಗಳಲ್ಲಿ ಹಿಡಿದಿಡುತ್ತದೆ. ಆದರೆ ಈ ಕ್ರಿಯೆ ಕಲಸಿದ ಕ್ಷಣದಲ್ಲೇ ಮೊದಲಾಗುವುದರಿಂದ, ಕಾಲ ಕಳೆದಂತೆ ಅನಿಲದ ಒಂದು ಪಾಲು ಹೊರಬೀಳುತ್ತದೆ. ದಪ್ಪನೆಯ ಐರಿಷ್ ರೊಟ್ಟಿಗೆ ಈ ಅನಿಲವೇ ಮುಖ್ಯ ಆಧಾರ. ಅದಕ್ಕೇ ಆ ಅವಸರ.

ಬನ್ಸಿನಲ್ಲಿ ಇನ್ನೊಂದು ಶಕ್ತಿ ಕೆಲಸಮಾಡುತ್ತದೆ. 30 ಅಂಶ ಸೆಂಟಿಗ್ರೇಡಿನಿಂದ 100 ಅಂಶಕ್ಕೆ ಕಾಯಿಸಿದರೆ ಅನಿಲದ ಗಾತ್ರ ಕಾಲುಭಾಗದಷ್ಟೂ ಹೆಚ್ಚುವುದಿಲ್ಲ. ನೀರಾದರೋ ಆವಿಯಾದಾಗ ತನ್ನ ಗಾತ್ರದ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕಾದ ಎಣ್ಣೆಯಲ್ಲಿ ಬನ್ಸಿನ ಎರಡು ಮೈಗಳೂ ಬೇಗನೆ ಗಟ್ಟಿಯಾಗಿ, ಒಳಗೆ ಸಿಕ್ಕಿದ ಆವಿ ಅವನ್ನು ಪೂರಿಯಂತೆ ಬೇರ್ಪಡಿಸುತ್ತದೆ. ಸೋಡಾದ ಗುಳ್ಳೆಗಳು ಒಳಭಾಗವನ್ನು ಮೃದುಗೊಳಿಸುತ್ತವೆ. ಬುಗ್ಗೆಯಂತೆ ಉಬ್ಬಿಸುವುದು ಆವಿ.

ಹಾಗಾದರೆ ಸೋಡಾ ಹೆಚ್ಚಿದ್ದಷ್ಟೂ ಒಳ್ಳೆಯದೇ? ಅಲ್ಲ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ನೂರಕ್ಕೆ ಸುಮಾರು 1 ಭಾಗವೆಂದು ಇಟ್ಟುಕೊಳ್ಳೋಣ. 90 ಗ್ರಾಂ ಆಮ್ಲಕ್ಕೆ 84 ಗ್ರಾಂ ಸೋಡಾ ಸರಿಹೋಗುತ್ತದೆ. 50 ಗ್ರಾಂ ಮೊಸರಿನಲ್ಲಿರುವ ಅರ್ಧ ಗ್ರಾಂ ಆಮ್ಲಕ್ಕೆ ಅರ್ಧ ಗ್ರಾಮಿಗೂ ಕಡಮೆ ಸೋಡಾ ಸಾಕು. ನಮ್ಮ ಅಜ್ಜಿಯರ ‘ಒಂದು ಚಿಟಿಕೆ’ ಇದೇ! ಮಿಕ್ಕ ಸೋಡಾ ಕಾವಿನಲ್ಲಿ ಒಡೆದು ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆಯೊಗೆಯುವ ಸೋಡಾ, ಆಗುತ್ತದೆ. ಆಗ ತಿಂಡಿಗೆ ಸಾಬೂನಿನ ರುಚಿ ಬರುತ್ತದೆ. ಬಣ್ಣ ಅತಿಯಾಗಿ ಕಂದುತ್ತದೆ. ಹಿಟ್ಟಿನಲ್ಲಿರುವ ಥಯಮಿನ್ ಎಂಬ ಜೀವಸತ್ವವೂ ಕ್ಷಾರದಿಂದ ನಾಶವಾಗುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಲೋಟ ನೀರಿನಲ್ಲಿ ಅರ್ಧ ಚಮಚ ಸೋಡಾ ಕರಗಿಸಿ, ಕೆಲವು ನಿಮಿಷ ಕುದಿಸಿ ಆರಿಸಿರಿ. ಅದಕ್ಕೆ ಚಿಟಿಕೆ ಅರಸಿನ ಬೆರೆಸಿದರೆ, ಸುಣ್ಣ ಕದಡಿದ ಆರತಿಯ ನೀರಿನಂತೆ ಕೆಂಪಾಗುತ್ತದೆ. ಇದು ಕ್ಷಾರದ ಗುರುತು. ಬಳಿಕ ಹುಳಿಮೊಸರನ್ನು ಚಮಚ ಚಮಚವಾಗಿ ಹಾಕಿ ಕಲಕುತ್ತ ಬನ್ನಿ. ಕೆಂಪು ಮಾಯವಾಗಿ ಹಳದಿ ಮರಳುವವರೆಗೆ ಎಷ್ಟು ಮೊಸರು ಬೇಕಾಯಿತೆಂದು ಎಣಿಸಿರಿ. ಆ ಸಂಖ್ಯೆಯನ್ನು ಕಂಡವರು ಹಿಟ್ಟಿಗೆ ಸೋಡಾವನ್ನು ಕಣ್ಣಳತೆಯಲ್ಲಿ ಸುರಿಯಲಾರರು.